ಸಪೂರ ನಾಯಿಯ ಫೋಟೋ

ಉಡುಪಿಯ ಒಂದು ಸ್ಟುಡಿಯೋದಲ್ಲಿ ನಾನು ಹನ್ನೊಂದು ವರ್ಷ ಕತ್ತಲೆ ಕೋಣೆಯ ಕೆಲಸ ಮಾಡಿದೆ. ನಾನು ಸೇರುವಾಗಲೇ ಬಣ್ಣದ ಫೋಟೋಗಳ ಕಾಲ ಬಂದಾಗಿತ್ತು. ಮದುವೆಯ ರೋಲುಗಳೆಲ್ಲ ದೊಡ್ಡ ಲ್ಯಾಬಿಗೆ ಹೋಗುತ್ತಿದ್ದವು. ನನ್ನ ಪಾಲಿಗೆ ಉಳಿದದ್ದು ಕಪ್ಪು ಬಿಳುಪಿನ ಪಾಸ್‌ಪೋರ್ಟ್ ಸೈಜಿನವು. ಪರೀಕ್ಷೆಯ ಅರ್ಜಿಗೆ, ರೇಷನ್ ಕಾರ್ಡಿಗೆ, ಮಣಿಪಾಲದ ಹಾಸ್ಟೆಲಿನ ಗುರುತು ಚೀಟಿಗೆ. ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ಚಿತ್ರ ಮೂಡಿಸುವ ಡೆವಲಪರ್ ಕಲಸುವುದು, ಮೂರು ಟ್ರೇಗಳನ್ನು ಸಾಲಾಗಿ ಇಡುವುದು, ಕೆಂಪು ಬಲ್ಬು ಹಾಕಿ ಬಾಗಿಲು ಮುಚ್ಚುವುದು. ಸಂಜೆ ಕೈಗೆ, ಮೂಡಿದ ಚಿತ್ರ ಮಾಸದಂತೆ ಹಿಡಿಸುವ ಹೈಪೋದ ಹುಳಿ ವಾಸನೆ ಹಿಡಿದಿರುತ್ತಿತ್ತು. ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಮನೆಗೆ ಬಂದು ಮೀನು ಕೊಯ್ದರೆ ಮಾತ್ರ ಹೋಗುತ್ತಿತ್ತು.

ಒಂದು ರೋಲಿನಲ್ಲಿ ಮೂವತ್ತಾರು ಫ್ರೇಮು. ಗಿರಾಕಿಗಳು ಅವಸರ ಮಾಡಿದರೆ ಮೂವತ್ತಕ್ಕೇ ರೋಲು ಬಿಚ್ಚಿ ತೊಳೆಯಬೇಕಾಗುತ್ತಿತ್ತು. ಉಳಿದ ಐದಾರು ಫ್ರೇಮು ಸುಮ್ಮನೆ ಹಾಳು. "ಹಾಳಾಗುವುದಕ್ಕಿಂತ ನೀವು ಎಂತಾದರೂ ತೆಗೆಯಿರಿ" ಎಂದು ಮಾಲಕರು ಒಮ್ಮೆ ಹೇಳಿದರು. ಅಂದಿನಿಂದ ಊಟದ ಹೊತ್ತಿಗೆ ಸ್ಟುಡಿಯೋದ ಹಳೆಯ ಕ್ಯಾಮೆರಾ ಹಿಡಿದು ಬೀದಿಗೆ ಇಳಿಯತೊಡಗಿದೆ. ಬೆಳಗ್ಗಿನಿಂದ "ಅಲುಗಾಡಬೇಡಿ, ಕಣ್ಣು ಮುಚ್ಚಬೇಡಿ" ಎಂಬುದನ್ನೇ ಕೇಳಿದವಳಿಗೆ ಅಲುಗಾಡುವುದನ್ನೇ ತೆಗೆಯುವ ಮನಸ್ಸಾಯಿತೋ ಏನೋ, ನಾನು ತೆಗೆದದ್ದೆಲ್ಲ ಓಡುವ, ಹಾರುವ ಪ್ರಾಣಿಗಳನ್ನು. ಬಸ್‌ಸ್ಟ್ಯಾಂಡಿನ ಆಡು, ಮೀನು ಮಾರ್ಕೆಟಿನ ಬೆಕ್ಕು, ಕಸದ ತೊಟ್ಟಿಯಿಂದ ಏಳುವ ಕಾಗೆ. ಹಾಗಾಗಿ ಆ ಕಾಲದ ನನ್ನ ನೆಗೆಟಿವ್ ಪಟ್ಟಿಗಳನ್ನು ಈಗ ಬೆಳಕಿಗೆ ಹಿಡಿದರೆ ಮೂವತ್ತು ಜನ ನೆಟ್ಟಗೆ ಕುಳಿತಿರುತ್ತಾರೆ, ಅವರ ಕೊನೆಯಲ್ಲಿ ಒಂದು ಬೆಕ್ಕು ಓಡುತ್ತಿರುತ್ತದೆ.

ಓಡುವ ಪ್ರಾಣಿಯನ್ನು ತೆಗೆಯುವುದಕ್ಕೆ ಎರಡು ದಾರಿ. ಶಟರನ್ನು ವೇಗಕ್ಕೆ ಇಟ್ಟರೆ ಪ್ರಾಣಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ನಿಧಾನಕ್ಕೆ ಇಟ್ಟು, ಪ್ರಾಣಿಯ ಜೊತೆಗೇ ಸೊಂಟದ ಮೇಲಿನ ಮೈಯನ್ನು ತಿರುಗಿಸುತ್ತಾ ಒತ್ತಿದರೆ ಅದರ ಮುಖ ಸ್ಪಷ್ಟ ಬರುತ್ತದೆ, ಕಾಲು ಮಸುಕಾಗುತ್ತದೆ, ಹಿಂದಿನ ಗೋಡೆ ಅಂಗಡಿಗಳೆಲ್ಲ ಉದ್ದುದ್ದ ಗೆರೆಗಳಾಗುತ್ತವೆ. ಕಾವಲಿಯ ಮೇಲೆ ದೋಸೆ ಹಿಟ್ಟನ್ನು ತಿರುಗಿಸುವಾಗ ನಡುವೆ ಕೈ ನಿಲ್ಲಿಸಬಾರದಲ್ಲ, ಇದೂ ಹಾಗೆಯೇ. ಒತ್ತಿದ ಮೇಲೂ ಸ್ವಲ್ಪ ತಿರುಗುತ್ತಿರಬೇಕು. ಹತ್ತರಲ್ಲಿ ಒಂಬತ್ತು ಹಾಳಾಗುತ್ತಿದ್ದವು. ಮೊದಲು ಸರಿ ಬಂದದ್ದು ಬಜಗೋಳಿಯ ನನ್ನ ತವರಿನ ಕರು. ಬಾಲ ಎತ್ತಿ ಅಂಗಳದಲ್ಲಿ ಓಡುತ್ತಿತ್ತು. ಅಮ್ಮ ಫೋಟೋ ನೋಡಿ, "ಇದರ ಕಾಲು ಎಲ್ಲಿ ಹೋಯಿತು?" ಎಂದು ಕೇಳಿದಳು. ನಾನು ಕಾರ್ಕಳದ ಕಡೆಯವಳು ಎಂದು ಗೊತ್ತಾದವರೆಲ್ಲ ಕಂಬಳದ ಕೋಣಗಳನ್ನು ತೆಗೆದಿಲ್ಲವಾ ಎಂದು ಕೇಳುತ್ತಿದ್ದರು. ತೆಗೆದಿಲ್ಲ. ಆ ಜನಜಂಗುಳಿಯಲ್ಲಿ ಮುಂದಿನ ಸಾಲಿಗೆ ಹೋಗುವುದು ನನ್ನಿಂದ ಆಗದ ಕೆಲಸವಾಗಿತ್ತು.

ನಾವು ಆಗ ಪರ್ಕಳದಲ್ಲಿ ಬಾಡಿಗೆಗೆ ಇದ್ದೆವು. ಮುಂದೆ ಮಾಲಕಿಯಮ್ಮನ ಮನೆ, ಹಿಂದೆ ಒಂದೇ ಹಂಚಿನ ಮಾಡಿನ ಕೆಳಗೆ ಐದು ರೂಮುಗಳು. ನನ್ನ ಗಂಡ ಮಣಿಪಾಲದ ಒಂದು ಹಾಸ್ಟೆಲಿನ ಮೆಸ್ಸಿನಲ್ಲಿ ಕೆಲಸಕ್ಕಿದ್ದರು. ಮಾಲಕಿಯಮ್ಮನಿಗೆ ಅರುವತ್ತು ದಾಟಿತ್ತು. ಯಾರ ಮನೆಯಲ್ಲಿ ಏನು ಸಾರು ಎಂಬುದು ಅವರಿಗೆ ವಾಸನೆಯಿಂದಲೇ ತಿಳಿಯುತ್ತಿತ್ತು. ಬೈಯುತ್ತಿದ್ದರು, ಆದರೆ ಜ್ವರ ಬಂದವರ ಬಾಗಿಲಿಗೆ ಗಂಜಿ ಮೊದಲು ಬರುತ್ತಿದ್ದದ್ದು ಅವರ ಮನೆಯಿಂದಲೇ.

ಒಂದು ಮಳೆಗಾಲ ಕಳೆದ ಮೇಲೆ ಕೊನೆಯ ರೂಮಿಗೆ ಬಾಗಲಕೋಟೆ ಕಡೆಯ ಗಂಡಹೆಂಡತಿ ಬಂದರು. ಗಂಡನದ್ದು ಗಾರೆ ಕೆಲಸ, ಹೆಂಡತಿಯೂ ಅದೇ ಸೈಟಿನಲ್ಲಿ ಕಲ್ಲು ಹೊರುತ್ತಿದ್ದಳು. ಜೊತೆಗೆ ಒಂದು ನಾಯಿ. ಅವರ ಊರಿನ ಬೇಟೆ ನಾಯಿ. ಎತ್ತರದ ಕಾಲು, ಉದ್ದ ಮೂತಿ, ತಿಳಿ ಕಂದು ಬಣ್ಣ, ಬೆನ್ನಿಗೆ ಅಂಟಿದ ಹೊಟ್ಟೆ. ನಮ್ಮ ಕಡೆ ಅಂಥ ನಾಯಿಯನ್ನು ಯಾರೂ ನೋಡಿದವರಲ್ಲ. ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳಿದರು.

"ಎಂತ ಮಾರಾಯ್ರೆ, ಇದಕ್ಕೆ ಅನ್ನ ಹಾಕುವುದಿಲ್ವಾ ನೀವು? ಎಷ್ಟು ಸಪೂರ ಆಗಿದೆ."

"ಹಾಕ್ತೇವ್ರೀ. ರೊಟ್ಟಿ ಹಾಲು ತಿಂತೈತ್ರೀ. ಅದರ ಜಾತೀನ ಹಂಗ" ಎಂದು ಗಂಡ ಎಲ್ಲರಿಗೂ ಹೇಳಿದ. ಯಾರೂ ನಂಬಲಿಲ್ಲ. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಒಬ್ಬೊಬ್ಬರೇ ಬಂದು ನಾಯಿಯ ಮುಂದೆ ಅನ್ನ ಸುರಿದರು. ಒಬ್ಬರು ಕುಚ್ಚಲಕ್ಕಿ ಅನ್ನ, ಒಬ್ಬರು ಬಂಗುಡೆ ಮೀನಿನ ತಲೆ, ಮಾಲಕಿಯಮ್ಮ ಹಿಂದಿನ ದಿನದ ಇಡ್ಲಿ. ನಾನೂ ಎರಡು ಸಲ ಅನ್ನಕ್ಕೆ ಸಾರು ಕಲಸಿ ಹಾಕಿದ್ದೇನೆ. ನಾಯಿ ಮರ್ಯಾದೆಗೆಂಬಂತೆ ಎಲ್ಲವನ್ನೂ ತಿಂದಿತು. ನಾಲ್ಕು ದಿನದಲ್ಲಿ ಅದಕ್ಕೆ ಭೇದಿ ಹತ್ತಿ ಇನ್ನೂ ಸಪೂರ ಆಯಿತು. "ನೋಡಿದ್ರಾ? ರೋಗ ಉಂಟು ಅದಕ್ಕೆ" ಎಂದು ಅನ್ನ ಹಾಕಿದವರೇ ಹೇಳಿದರು.

ಇಷ್ಟರ ನಡುವೆ, ಕ್ಯಾಮೆರಾ ಮನೆಗೆ ತಂದಿದ್ದ ಒಂದು ರಜೆಯ ದಿನ, ನಾನು ಅದರ ಒಂದು ಫೋಟೋ ತೆಗೆದೆ. ಸಂಜೆ ನಾಲ್ಕೂವರೆಯ ಬೆಳಕು, ಅಡ್ಡಕ್ಕೆ ಬೀಳುತ್ತಿತ್ತು. ನಾಯಿ ಮಾರ್ಗದ ಬದಿಯ ಮೆಟ್ಟಿಲ ಬಳಿ ಕಟ್ಟಿಹಾಕಿದಲ್ಲೇ ನಿಂತಿತ್ತು. ಆ ಬೆಳಕಿಗೆ ಎಲುಬಿನ ಮೇಲೆ ಬಿಳಿ, ನಡುವೆ ಕಪ್ಪು, ಹಾರ್ಮೋನಿಯಂ ಮನೆಗಳ ಹಾಗೆ ಕಂಡಿತು. ಚಂದ ಕಂಡಿತು ಎಂದೇ ತೆಗೆದದ್ದು, ಅದನ್ನು ಮುಚ್ಚಿಡುವುದಿಲ್ಲ. ಪ್ರಿಂಟು ಹಾಕಿ ಹೆಂಡತಿಯ ಕೈಗೆ ಕೊಟ್ಟೆ. ಅವಳು ಖುಷಿಯಿಂದ ಅದನ್ನು ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದಳು.

ಮಾರನೆಯ ದಿನ ನೀರಿನ ವಿಷಯ ಹೇಳಲು ಆ ಕಡೆ ಹೋದ ಮಾಲಕಿಯಮ್ಮ ಅದನ್ನು ನೋಡಿದರು. ಫೋಟೋ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದರು.

"ನಾಯಿ ಎದುರಿಗೇ ಇರುವಾಗ ನನಗೆ ಇಷ್ಟು ಕಂಡಿರಲಿಲ್ಲ ಮಾರಾಯ್ತಿ. ಇದರಲ್ಲಿ ಎಣಿಸಬಹುದು. ಒಂದು ಬದಿಯಲ್ಲೇ ಒಂಬತ್ತು ಎಲುಬು."

"ಅವರು ಹೊಟ್ಟೆಗೆ ಹಾಕ್ತಾರೆ ಅಮ್ಮ. ಆ ಜಾತಿಯ ನಾಯಿಯೇ ಹಾಗಂತೆ."

"ಜಾತಿ ಎಂತದ್ದು? ಆ ಜಾತಿಗೆ ಹೊಟ್ಟೆ ಇಲ್ವಾ? ದಾರಿಯಲ್ಲಿ ಹೋಗುವವರು ನಾಯಿಯನ್ನು ನೋಡಿ ಆಮೇಲೆ ನನ್ನ ಮುಖ ನೋಡ್ತಾರೆ. ನನ್ನ ಜಾಗದಲ್ಲಿ ಒಂದು ಪ್ರಾಣಿ ಹಸಿದು ಸತ್ತಿತು ಎಂದಾಗಬಾರದು. ತಿಂಗಳು ಮುಗಿಯುವುದರೊಳಗೆ ಅದನ್ನು ಊರಿಗೆ ಕಳಿಸಲಿ. ಇಲ್ಲದಿದ್ದರೆ ಬೇರೆ ರೂಮು ನೋಡಿಕೊಳ್ಳಲಿ."

ತಿಂಗಳು ಮುಗಿಯಲು ಹತ್ತೊಂಬತ್ತು ದಿನ ಇತ್ತು. ಸಂಜೆ ಅವರ ರೂಮಿಗೆ ಹೋದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಅವರಿಗೆ ಆಗಲೇ ಮುಟ್ಟಿತ್ತು.

"ಊರಾಗ ಅದನ್ನ ನೋಡ್ಕೊಳಾಕ ಯಾರೂ ಇಲ್ರೀ ಅಕ್ಕಾರ" ಎಂದ ಗಂಡ. "ನಾಯಿ ಐತಿ ಅಂದ್ರ ನಾಕು ಕಡೆ ರೂಮು ಕೊಡ್ಲಿಲ್ಲ. ಇಲ್ಲಿ ಅಮ್ಮಾರು ಕೊಟ್ಟಿದ್ರು. ಇದರ ಅವ್ವನೂ ನಮ್ಮನ್ಯಾಗ ಇತ್ರೀ. ಬಿಟ್ಟು ಹ್ಯಾಂಗ ಇರೋದು?"

"ನಮ್ಮ ಮನ್ಯಾವರಿಗೂ ಎಲುಬು ಕಾಣ್ತಾವ್ರೀ" ಎಂದಳು ಹೆಂಡತಿ, ರೊಟ್ಟಿಯಿಂದ ಕಣ್ಣು ಎತ್ತದೆ. "ಅವರನ್ನೂ ಊರಿಗೆ ಕಳಸ್ಬೇಕೇನ್ರೀ?"

ಗಂಡ ನಕ್ಕ. ನಾನೂ ನಕ್ಕೆ. ನಾಯಿ ಬಾಗಿಲಿಗೆ ಅಡ್ಡ ಮಲಗಿತ್ತು. ಮೂತಿ ನನ್ನ ಚಪ್ಪಲಿಯ ಮೇಲೆ ಇತ್ತು.

"ಇದು ಓಡ್ತದಾ?" ಎಂದು ಕೇಳಿದೆ.

"ಓಡ್ತೈತೇನ್ರೀ?" ಗಂಡ ಹೆಂಡತಿಯ ಮುಖ ನೋಡಿದ. "ಓಡೋದೊಂದ ಅದರ ಕೆಲಸ. ಇಲ್ಲಿ ಜಾಗ ಎಲ್ಲೈತ್ರೀ? ಬಂದಾಗಿಂದ ಒಮ್ಮೆನೂ ಓಡಿಲ್ಲ."

ನಿಂತ ನಾಯಿಯ ಫೋಟೋದಿಂದ ಆದದ್ದನ್ನು ಓಡುವ ನಾಯಿಯ ಫೋಟೋದಿಂದ ಸರಿ ಮಾಡಬಹುದು ಎಂದು ನನಗೆ ಅನ್ನಿಸಿದ್ದು ಆಗ. ಅವನ ಮೇಸ್ತ್ರಿಗೆ ಎರ್ಮಾಳಿನಲ್ಲಿ ಒಂದು ಮನೆಯ ಕೆಲಸ ನಡೆಯುತ್ತಿತ್ತು. ದಿನಾ ಬೆಳಿಗ್ಗೆ ಆರೂವರೆಗೆ ಕೆಲಸದವರನ್ನು ಕರೆದುಕೊಂಡು ಟೆಂಪೋ ಹೋಗುತ್ತಿತ್ತು. ನನಗೆ ರಜೆ ಇದ್ದ ದಿನ, ಸ್ಟುಡಿಯೋದಿಂದ ತಂದಿಟ್ಟ, ಆರು ಫ್ರೇಮು ಉಳಿದಿದ್ದ ಕ್ಯಾಮೆರಾ ಹಿಡಿದು, ಸಿಮೆಂಟು ಚೀಲಗಳ ಮೇಲೆ ಕುಳಿತು ನಾನೂ ನಾಯಿಯೂ ಅವರ ಜೊತೆ ಹೊರಟೆವು. ಮಣಿಪಾಲ ಇಳಿದು, ಉಡುಪಿ ದಾಟಿ, ಕಾಪು ಬರುವಷ್ಟರಲ್ಲಿ ನಾಯಿ ಟೆಂಪೋದ ಅಂಚಿಗೆ ಮೂತಿ ಇಟ್ಟು ಸಮುದ್ರದ ಗಾಳಿ ಮೂಸತೊಡಗಿತ್ತು.

ಎರ್ಮಾಳಿನ ಕಡಲ ತೀರದಲ್ಲಿ ಇಬ್ಬರು ಹೆಂಗಸರು ಒಣಮೀನು ಹರಡುತ್ತಿದ್ದರು. ಅವರಲ್ಲಿ ದೊಡ್ಡವರು ನಾಯಿಯನ್ನು ನೋಡಿದ್ದೇ ಸೊಂಟಕ್ಕೆ ಕೈ ಇಟ್ಟರು.

"ಇದಕ್ಕೆ ಊಟ ಹಾಕುವುದಿಲ್ವಾ ನೀವು?"

"ಇಲ್ಲಿಗೂ ಬಂತ್ರೀ ಅದು" ಎಂದಳು ಹೆಂಡತಿ ನನ್ನ ಕಿವಿಯ ಹತ್ತಿರ.

ನಾಯಿಗೆ ಸಮುದ್ರ ಹೊಸತು. ಅಲೆ ಬಂದಾಗ ಹಿಂದೆ ಹಾರಿತು, ಅಲೆ ಹೋದಾಗ ಬೊಗಳಿತು. ಅದರ ಹೆದರಿಕೆ ಇಳಿಯುವವರೆಗೆ ನಾವು ಕಾದೆವು. ಕೆಲಸ ಶುರುವಾಗಲು ಇನ್ನೂ ಮುಕ್ಕಾಲು ಗಂಟೆ ಇತ್ತು. ನಾನು ತೆಂಗಿನ ಮರಗಳ ಕಡೆ ಬೆನ್ನು ಹಾಕಿ ನಿಂತೆ. ಸೂರ್ಯ ನನ್ನ ಹಿಂದೆ, ಸಮುದ್ರ ಎದುರು. ಶಟರು ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲಿಗೆ, ಲೆನ್ಸಿನ ಕಿಂಡಿ ಇದ್ದಷ್ಟು ಚಿಕ್ಕದಕ್ಕೆ. ಗಂಡ ಒಂದು ತುದಿಯಲ್ಲಿ ನಾಯಿಯ ಕುತ್ತಿಗೆ ಹಿಡಿದು ಕುಳಿತ. ಹೆಂಡತಿ ಸೀರೆ ಎತ್ತಿ ಕಟ್ಟಿ ಇನ್ನೊಂದು ತುದಿಗೆ ಹೋದಳು. ಅಷ್ಟು ದೂರದಿಂದ ಅವಳು ಕರೆದದ್ದು ಗಾಳಿಗೆ ನನಗೆ ಕೇಳಿಸಲಿಲ್ಲ. ನಾಯಿಗೆ ಕೇಳಿಸಿತು.

ಮೊದಲ ಸಲ ನಾನು ತಿರುಗುವಷ್ಟರಲ್ಲಿ ಅದು ದಾಟಿ ಹೋಗಿತ್ತು. ಆ ರೋಲಿನಲ್ಲಿ ಎರಡು ಫ್ರೇಮು ಬರೀ ಸಮುದ್ರ. ನಾನು ಆಡು ಬೆಕ್ಕುಗಳಲ್ಲಿ ಕಲಿತವಳು. ಈ ವೇಗ ನನ್ನ ಸೊಂಟಕ್ಕೆ ಗೊತ್ತಿರಲಿಲ್ಲ. ಎರಡನೆಯ ಸಲ ಅದು ಹೊರಡುವ ಮೊದಲೇ ತಿರುಗತೊಡಗಿದೆ. ಮೂರನೆಯ ಸಲ ಹೊಂದಿಕೊಂಡೆ ಅನ್ನಿಸಿತು. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ನಾಯಿ ಒಂದೇ ಕಡೆ ಇತ್ತು, ಲೋಕ ಹಿಂದಕ್ಕೆ ಹೋಗುತ್ತಿತ್ತು. ನಾಲ್ಕನೆಯ ಸಲಕ್ಕೆ ಕರೆದರೆ ನಾಯಿ ಎದ್ದೇಳಲೇ ಇಲ್ಲ, ಒದ್ದೆ ಮರಳಿನಲ್ಲಿ ನಾಲಿಗೆ ಚಾಚಿ ಮಲಗಿತು. ನನ್ನ ಹತ್ತಿರ ಫ್ರೇಮೂ ಮುಗಿದಿತ್ತು. ಒಟ್ಟು ಆರು.

ಒಣಮೀನಿನ ದೊಡ್ಡ ಹೆಂಗಸು ಕೆಲಸ ಬಿಟ್ಟು ನೋಡುತ್ತಾ ನಿಂತಿದ್ದರು. "ನಾಯಿಯಾ ಅದು, ಎಂತ?" ಎಂದಷ್ಟೇ ಕೇಳಿದರು. ಊಟದ ಮಾತು ಮತ್ತೆ ಎತ್ತಲಿಲ್ಲ.

ಆರರಲ್ಲಿ ಒಂದು ಸರಿ ಬಂದಿತ್ತು. ನಾಲ್ಕು ಕಾಲೂ ಹೊಟ್ಟೆಯ ಕೆಳಗೆ ಒಟ್ಟಾಗಿ, ಬೆನ್ನು ಬಿಲ್ಲಿನ ಹಾಗೆ ಬಾಗಿ, ಇಡೀ ನಾಯಿ ಗಾಳಿಯಲ್ಲಿತ್ತು. ಕಣ್ಣು, ಮೂತಿ ಸ್ಪಷ್ಟ. ಹಿಂದೆ ಅಲೆಗಳು ಬಾಚಿದ ಕೂದಲಿನ ಹಾಗೆ. ಪೋಸ್ಟ್‌ಕಾರ್ಡ್ ಅಳತೆಯ ಒಂದು ಪ್ರಿಂಟು ಹಾಕಿ ಮಾಲಕಿಯಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಪುನಃ ಹಾಕಿ ನೋಡಿದರು.

"ಇದರಲ್ಲಿ ಎಲುಬು ಕಾಣುವುದಿಲ್ಲ."

"ಓಡುವಾಗ ಹಾಗೆ ಅಮ್ಮ. ರೋಗದ ನಾಯಿ ಹೀಗೆ ಹಾರ್ತದಾ, ನೀವೇ ಹೇಳಿ."

"ಹೋದ ವರ್ಷ ನಿಮ್ಮ ಸ್ಟುಡಿಯೋದಲ್ಲಿ ನಾನು ಫೋಟೋ ತೆಗೆಸಿದೆನಲ್ಲ. ನನ್ನ ಕುತ್ತಿಗೆಯ ನೆರಿಗೆ ಎಲ್ಲ ತೆಗೆದು ಕೊಟ್ಟವಳು ಯಾರು?"

ತೆಗೆದದ್ದು ನಾನೇ. ಭಾವಚಿತ್ರಕ್ಕೆ ಬಳಸುವ ದೊಡ್ಡ ನೆಗೆಟಿವಿನ ಮೇಲೆ ಸಪೂರ ಪೆನ್ಸಿಲಿನಿಂದ ತೀಡಿದರೆ ನೆರಿಗೆ ಹೋಗುತ್ತದೆ. ಆಗ ಎಲ್ಲ ಸ್ಟುಡಿಯೋಗಳಲ್ಲೂ ಮಾಡುತ್ತಿದ್ದ ಕೆಲಸ. ಮಾಲಕಿಯಮ್ಮ ಆ ಫೋಟೋವನ್ನು ನಾಲ್ಕು ಮನೆಗೆ ತೋರಿಸಿ ಬಂದಿದ್ದರು.

"ನನ್ನ ಕುತ್ತಿಗೆ ಸರಿ ಮಾಡಿದವಳಿಗೆ ನಾಯಿಯ ಎಲುಬು ತೆಗೆಯುವುದು ಎಂತ ಕಷ್ಟ? ಆ ಕತ್ತಲೆಯಲ್ಲಿ ನೀನು ಎಂತ ಮಾಡ್ತಿ ಎಂದು ಯಾರಿಗೆ ಗೊತ್ತು?"

ನೆಗೆಟಿವ್ ತಂದು ತೋರಿಸಿದೆ. ಅದು ಬೆರಳಿನ ಎರಡು ಗಂಟಿನಷ್ಟು ಸಣ್ಣದು, ಅದರ ಮೇಲೆ ಪೆನ್ಸಿಲು ಓಡುವುದಿಲ್ಲ ಎಂದೆ. ಅವರು ಅದನ್ನು ಕಿಟಕಿಗೆ ಹಿಡಿದು, "ಇದರಲ್ಲಿ ನಾಯಿ ಕಪ್ಪಗುಂಟು, ಕಣ್ಣು ಬೆಳ್ಳಗುಂಟು. ದೆವ್ವ ಇದು" ಎಂದು ವಾಪಸು ಕೊಟ್ಟರು. ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು. ಕೊನೆಯ ರೂಮಿನ ಗಂಡ ಆಗಲೇ ಹಿರಿಯಡ್ಕದ ಕಡೆ ರೂಮು ಕೇಳಿ ಬರಿಗೈಯಲ್ಲಿ ಬಂದಿದ್ದ.

"ಹಾಗಾದರೆ ನೀವೇ ಬಂದು ನೋಡಿ" ಎಂದೆ. "ಎಂತ ಮಾಡ್ತೇನೆ ಎಂದು ನಿಮ್ಮ ಕಣ್ಣ ಮುಂದೆಯೇ ಮಾಡ್ತೇನೆ."

ಬರುತ್ತಾರೆಂದು ಅಂದುಕೊಂಡಿರಲಿಲ್ಲ. ಗುರುವಾರ ಮಧ್ಯಾಹ್ನ, ಉಡುಪಿಯಲ್ಲಿ ಮಂಡಿನೋವಿಗೆ ಎಣ್ಣೆ ಕೊಂಡು, ಸ್ಟುಡಿಯೋಕ್ಕೆ ಬಂದೇ ಬಿಟ್ಟರು. ಕತ್ತಲೆ ಕೋಣೆಯ ಬಾಗಿಲು ಮುಚ್ಚಿದಾಗ ನನ್ನ ಸೆರಗು ಹಿಡಿದುಕೊಂಡರು. ಕೆಂಪು ಬೆಳಕಿಗೆ ಕಣ್ಣು ಹೊಂದಿದ ಮೇಲೆ ಸುತ್ತ ನೋಡಿದರು.

"ನನ್ನ ಕುತ್ತಿಗೆ ಸರಿ ಮಾಡಿದ್ದು ಇಲ್ಲಿಯಾ?"

"ಅದು ಹೊರಗೆ, ಕಿಟಕಿಯ ಬದಿಯ ಮೇಜಿನಲ್ಲಿ."

ನೆಗೆಟಿವನ್ನು ಚಿತ್ರ ದೊಡ್ಡದು ಮಾಡುವ ಎನ್ಲಾರ್ಜರಿಗೆ ಹಾಕಿ, ಈ ಸಲ ದೊಡ್ಡ ಬ್ರೋಮೈಡ್ ಕಾಗದ ಇಟ್ಟೆ. ಹನ್ನೆರಡರವರೆಗೆ ಎಣಿಸಿ ಬೆಳಕು ಆರಿಸಿದೆ. ಕಾಗದವನ್ನು ಅವರ ಕೈಗೇ ಕೊಟ್ಟೆ.

"ಎಂತದ್ದೂ ಇಲ್ವಲ್ಲ. ಬರೀ ಬಿಳಿ ಕಾಗದ."

"ಹೌದು. ಇದರಲ್ಲಿ ಇಡಿ. ನಾನು ಮುಟ್ಟುವುದಿಲ್ಲ."

ಡೆವಲಪರಿನಲ್ಲಿ ಇಟ್ಟರು. ಟ್ರೇಯ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ಇಳಿಸಲು ಹೇಳಿದೆ. ತೊಟ್ಟಿಲು ತೂಗಿದ ಕೈ, ಚೆನ್ನಾಗಿ ಮಾಡಿದರು. ಕಪ್ಪಾಗಬೇಕಾದದ್ದು ಮೊದಲು ಬರುತ್ತದೆ. ಒಂದು ಕಣ್ಣು ಬಂತು. ಮೂತಿಯ ತುದಿ ಬಂತು. ಆಮೇಲೆ ಮರಳಿನ ಮೇಲೆ ಒಂದು ಕಪ್ಪು ಮಚ್ಚೆ.

"ಇದೆಂತ?"

"ನೆರಳು."

"ನೆರಳು ಇಲ್ಲಿ ಉಂಟು. ಮತ್ತೆ ಕಾಲು?"

"ಬರ್ತದೆ, ತೂಗಿ."

ಬೆನ್ನು ಬಂತು, ಹೊಟ್ಟೆ ಬಂತು, ಹೊಟ್ಟೆಯ ಕೆಳಗೆ ಮಡಚಿದ ಕಾಲುಗಳು ಮಸುಕಾಗಿ ಬಂದವು. ಕಾಲಿಗೂ ನೆರಳಿಗೂ ನಡುವೆ ಎರಡು ಬೆರಳಿನಷ್ಟು ಖಾಲಿ ಇತ್ತು. ಮಾಲಕಿಯಮ್ಮ ಟ್ರೇ ತೂಗುವುದನ್ನು ನಿಲ್ಲಿಸಿ ಬಗ್ಗಿದರು. ನಾನು ಚಿಮಟದಲ್ಲಿ ಕಾಗದ ಎತ್ತಿ ನೀರಿಗೆ, ನೀರಿನಿಂದ ಹೈಪೋಗೆ ಹಾಕಿ, ಸ್ವಲ್ಪ ಹೊತ್ತಿಗೆ ಬಿಳಿ ದೀಪ ಹಾಕಿದೆ. ಅವರು ಕನ್ನಡಕವನ್ನು ಸೆರಗಿನಿಂದ ಒರೆಸಿ ನಾಯಿಯ ಪಕ್ಕೆಯ ಹತ್ತಿರ ಬೆರಳು ತಂದರು.

"ಇಲ್ಲಿ ಎರಡು ಎಲುಬು ಕಾಣ್ತದೆ."

ನಾನೂ ನೋಡಿದೆ. ಚಿಕ್ಕ ಪ್ರಿಂಟಿನಲ್ಲಿ ಕಾಣದ್ದು ದೊಡ್ಡದರಲ್ಲಿ ಕಾಣುತ್ತಿತ್ತು. ಎರಡು ತೆಳು ಗೆರೆ. ಹೌದೆನ್ನದೆ ದಾರಿ ಇರಲಿಲ್ಲ.

"ಹೌದು ಅಮ್ಮ. ಉಂಟು."

"ಹಾಗಾದರೆ ತೆಗೆದಿಲ್ಲ ನೀನು" ಎಂದರು. "ತೆಗೆಯುವವಳಾದರೆ ಇವೆರಡನ್ನು ಯಾಕೆ ಬಿಡ್ತಿದ್ದಿ?"

ಮತ್ತೆ ತುಸು ಹೊತ್ತು ನೋಡಿ, "ನಮ್ಮ ಮನೆಯಲ್ಲಿ ಒಂದು ನಾಯಿ ಇತ್ತು. ಮೂರು ಹೊತ್ತು ಅನ್ನ. ಕಳ್ಳ ಬಂದರೂ ಏಳುತ್ತಿರಲಿಲ್ಲ" ಎಂದರು. ಅಷ್ಟರಲ್ಲಿ ಅವರಿಗೆ ಪರ್ಕಳದ ಬಸ್ಸಿನ ನೆನಪಾಯಿತು. ಈ ಫೋಟೋ ಈಗಲೇ ಬೇಕು ಎಂದು ಹಠ ಹಿಡಿದರು. ಒಂದು ಗಂಟೆ ಹರಿಯುವ ನೀರಿನಲ್ಲಿ ತೊಳೆದು ಹೈಪೋ ಬಿಡಿಸಬೇಕು ಎಂದರೆ ಕೇಳಲಿಲ್ಲ. ಹತ್ತು ನಿಮಿಷ ತೊಳೆದು, ಒದ್ದೆಯದ್ದನ್ನೇ ಪೇಪರಿನ ನಡುವೆ ಇಟ್ಟು ಕೊಟ್ಟೆ.

ಮರುದಿನ ಬೆಳಿಗ್ಗೆ ಕೊನೆಯ ರೂಮಿನ ಮುಂದೆ ಅವರ ದನಿ ಕೇಳಿಸಿತು. ನಾಯಿ ಇರಬಹುದು, ಆದರೆ ಮಾರ್ಗದ ಬದಿ ಕಟ್ಟಬಾರದು, ಬಾವಿಯ ಹಿಂದೆ ಕಟ್ಟಬೇಕು. ಭಾನುವಾರ ಎಲ್ಲಿಯಾದರೂ ಕರೆದುಕೊಂಡು ಹೋಗಿ ಓಡಿಸಿ ತರಬೇಕು. ಆಮೇಲೆ ಉಳಿದ ನಾಲ್ಕು ಬಾಗಿಲುಗಳಿಗೂ ಕೇಳುವ ಹಾಗೆ, "ಇದಕ್ಕೆ ಇನ್ನು ಯಾರೂ ಬಂಗುಡೆ ತಲೆ ಹಾಕುವ ಹಾಗಿಲ್ಲ" ಎಂದರು. ಇಡ್ಲಿಯ ಬಗ್ಗೆ ಏನೂ ಹೇಳಲಿಲ್ಲ.

ಅವರಿಬ್ಬರೂ ನಾಯಿಯೂ ಆ ರೂಮಿನಲ್ಲಿ ಎರಡೂವರೆ ವರ್ಷ ಇದ್ದರು. ಮೇಸ್ತ್ರಿಯ ಕೆಲಸ ಬೇರೆ ಊರಿಗೆ ಹೋದಾಗ ಅವರೂ ಹೋದರು. ಕೆಲವು ವರ್ಷಗಳಲ್ಲಿ ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂತು. ಕತ್ತಲೆ ಕೋಣೆಯ ಗೋಡೆ ಒಡೆದು ಅಲ್ಲಿ ಝೆರಾಕ್ಸ್ ಯಂತ್ರ ಇಟ್ಟರು. ಅಷ್ಟರಲ್ಲಿ ನಾವೂ ಪರ್ಕಳ ಬಿಟ್ಟಿದ್ದೆವು.

ಒಮ್ಮೆ ಮಾಲಕಿಯಮ್ಮನನ್ನು ನೋಡಲು ಹೋದೆ. ಚಾವಡಿಯಲ್ಲಿ ಕ್ಯಾಲೆಂಡರಿನ ಪಕ್ಕ ನಾಯಿ ಇತ್ತು, ಫ್ರೇಮು ಹಾಕಿಸಿದ್ದರು. ನನ್ನ ಜೊತೆ ಕುಳಿತಿದ್ದ ಅವರ ನೆಂಟರೊಬ್ಬರು ಅದನ್ನು ನೋಡಿ, "ಶೇಕ್ ಆಗಿದೆ ಅಲ್ವಾ ಫೋಟೋ?" ಎಂದರು.

"ಶೇಕ್ ಅಲ್ಲ ಅದು. ಓಡುವುದು" ಎಂದರು ಮಾಲಕಿಯಮ್ಮ, ಚಹಾ ಸೋಸುತ್ತಾ.

ನಾನು ಎದ್ದು ಹತ್ತಿರ ಹೋಗಿ ನೋಡಿದೆ. ಸರಿಯಾಗಿ ತೊಳೆಯದ ಪ್ರಿಂಟಿಗೆ ಆಗುವುದೇ ಆಗಿತ್ತು. ಅಂಚುಗಳಿಂದ ಹಳದಿ ಹತ್ತಿ ಸಮುದ್ರದ ಅರ್ಧದವರೆಗೆ ಬಂದಿತ್ತು. ನಾಯಿಯನ್ನು ಇನ್ನೂ ಮುಟ್ಟಿರಲಿಲ್ಲ.

"ನೆಗೆಟಿವ್ ನನ್ನ ಹತ್ತಿರ ಉಂಟು ಅಮ್ಮ. ಈಗ ಲ್ಯಾಬಿನಲ್ಲಿ ಕೊಟ್ಟರೆ ಹೊಸತು ಮಾಡಿ ಕೊಡ್ತಾರೆ. ಹಳದಿ ಇಲ್ಲದ್ದು."

"ಬೇಡ" ಎಂದರು. "ಅವರು ಎಂತ ಮಾಡಿ ಕೊಡ್ತಾರೋ ಯಾರಿಗೆ ಗೊತ್ತು. ಇದು ನಾನು ನೋಡುವಾಗ ಬಂದದ್ದು."